ಓಜಿ ಇಲ್ಲದ ಬ್ಯಾಂಡಿಗೆ ‘ಬ್ಲ್ಯಾಕ್ ಸಬ್ಬತ್’ ಹೆಸರು ಸಲ್ಲುತ್ತಿತ್ತೇ?

ಪರ: ಹೆಸರು ಗಿಟಾರಿನ ಜೊತೆಗೇ ಇರಬೇಕು

ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನಲ್ಲಿ ಹಾಡು ಹುಟ್ಟುತ್ತಿದ್ದದ್ದು ಟೋನಿ ಅಯೋಮಿಯ ಗಿಟಾರಿನಲ್ಲಿ. ಸಾಹಿತ್ಯ ಬಹುಪಾಲು ಬಾಸ್ ನುಡಿಸುವ ಗೀಜರ್ ಬಟ್ಲರ್‌ನದು. 1979ರಲ್ಲಿ ಮೂಲ ಗಾಯಕ ಓಜಿ ಆಸ್‌ಬರ್ನ್‌ನನ್ನು ಕೈಬಿಟ್ಟಾಗ ಎಲ್ಲೂ ಸಿಗದಂಥ ಶಾರೀರವೊಂದು ಹೋಯಿತು, ನಿಜ. ಹಾಡು ಕಟ್ಟುವ ಕೈ ಹೋಗಲಿಲ್ಲ.

ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಕೈ ಅದು. ಅಯೋಮಿ ಎಡಚ, ಪೆಟ್ಟಾದದ್ದು ತಂತಿ ಒತ್ತುವ ಬಲಗೈಗೆ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದಕ್ಕೆ ಚರ್ಮ ಅಂಟಿಸಿದ, ತೆಳುವಾದ ತಂತಿ ಹಾಕಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲಾದಷ್ಟೂ ಒತ್ತುವುದು ಹಗುರ, ನಾದ ಮಾತ್ರ ಭಾರ. ಆ ಭಾರವನ್ನೇ ನಾವು ಸಬ್ಬತ್ ಎಂದು ಗುರುತಿಸುತ್ತೇವೆ.

ಓಜಿಯ ಜಾಗಕ್ಕೆ ಗಾಯಕ ರಾನಿ ಜೇಮ್ಸ್ ಡಿಯೋ ಬಂದಾಗ ಬದಲಾದದ್ದು ರಚನೆ. ‘ಐರನ್ ಮ್ಯಾನ್’ನಲ್ಲಿ ಓಜಿ ರಿಫ್ (ಗಿಟಾರಿನಲ್ಲಿ ಮರುಕಳಿಸುವ ಸ್ವರಸಾಲು) ಹೋದ ದಾರಿಯಲ್ಲೇ ಹಾಡುತ್ತಾನೆ, ಸ್ವರಕ್ಕೆ ಸ್ವರ. ಡಿಯೋ ಅದನ್ನು ಬಿಟ್ಟು ಮೇಲೆ ತನ್ನದೇ ರಾಗ ಹಿಡಿಯುತ್ತಾನೆ. 1980ರ ‘ಹೆವನ್ ಅಂಡ್ ಹೆಲ್’ ಶೀರ್ಷಿಕೆ ಗೀತೆಯ ಚರಣ ಕೇಳಿ: ಬಾಸ್ ಒಂದೇ ಸ್ವರದ ಮೇಲೆ ಮಿಡಿಯುತ್ತದೆ, ಗಿಟಾರ್ ಹಿಂದೆ ಸರಿದು ದನಿಗೆ ಜಾಗ ಬಿಡುತ್ತದೆ. ಹೊಸ ಗಾಯಕನನ್ನು ಹಳೆಯ ಅಂಗಿಯೊಳಗೆ ತುರುಕದೆ, ಅವನ ಅಳತೆಗೆ ಹೊಸದು ಹೊಲಿದರು.

ಇದನ್ನು ಮಾಡದಿದ್ದರೆ ಏನಾಗುತ್ತದೆಂದು ಇನ್ನೊಂದು ಮೆಟಲ್ ಬ್ಯಾಂಡ್ ಐರನ್ ಮೇಡನ್ ತೋರಿಸಿತು. ಅಲ್ಲಿಗೆ ಬಂದ ಹೊಸ ಗಾಯಕ ಬ್ಲೇಜ್ ಬೇಲಿಯದು ತಗ್ಗಿನ ಶಾರೀರ. ಹಿಂದಿನ ಗಾಯಕ ಬ್ರೂಸ್ ಡಿಕಿನ್ಸನ್‌ನ ತಾರಸ್ಥಾಯಿಯ ಹಾಡುಗಳನ್ನು ಶ್ರುತಿ ಇಳಿಸದೆಯೇ ಅವನಿಂದ ಹಾಡಿಸಿದರು. ಇಳಿಸುವುದು ಕಷ್ಟವೂ ಅಲ್ಲ. ರಿಫ್ಫನ್ನು ಬೇರೆ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಒಯ್ದರೆ ತೆರೆದ ತಂತಿಯ ಮೊಳಗು ಹೋಗುತ್ತದೆ, ಆದ್ದರಿಂದ ಆರೂ ತಂತಿಗಳನ್ನು ಒಟ್ಟಿಗೆ ಇಳಿಸಬೇಕು. ಹಾಗೆಯೇ ಬಿಟ್ಟರೆ ಸಡಿಲ ತಂತಿ ಫ್ರೆಟ್ಟಿಗೆ ತಾಗಿ ಗುಯ್‌ಗುಡುತ್ತದೆ, ಜೋರಾಗಿ ಮೀಟಿದಾಗ ಸ್ವರ ಮೇಲೇರುತ್ತದೆ. ಒಂದು ಅಳತೆ ದಪ್ಪದ ತಂತಿ ಹಾಕಿ, ಗಿಟಾರಿನ ಕುತ್ತಿಗೆಯೊಳಗಿನ ಸಲಾಕೆ ಸರಿಪಡಿಸಿ, ತಂತಿ ಕೂರುವ ಬ್ರಿಡ್ಜಿನಲ್ಲಿ ಸ್ವರಸ್ಥಾನ ಹೊಂದಿಸಿಕೊಂಡರೆ ಮುಗಿಯಿತು. ಶ್ರುತಿ ಹೊಂದಿಸದೆ ಗಾಯಕನನ್ನೂ ಹೆಸರನ್ನೂ ದೂರಿದರೆ ಅನ್ಯಾಯ.

ವಿರೋಧ: ಬೇರೆ ಹೆಸರು ಇಟ್ಟಿದ್ದರೆ ಆ ಹಾಡುಗಳಿಗೇ ಒಳ್ಳೆಯದಿತ್ತು

‘ಹೆವನ್ ಅಂಡ್ ಹೆಲ್’ ಅದ್ಭುತ ಆಲ್ಬಂ. ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿಂದ ಸಾಹಿತ್ಯ ಡಿಯೋ ಕೈಗೆ ಹೋಯಿತು. ಯುದ್ಧ, ಮಾದಕವಸ್ತು, ತಲೆಕೆಡಿಸುವ ಭಯ ಇವೆಲ್ಲ ಬಟ್ಲರ್ ಬರೆಯುತ್ತಿದ್ದ ವಸ್ತುಗಳು. ದನಿಯೂ ಮಾತೂ ಹಾಡುವ ರೀತಿಯೂ ಬದಲಾದ ಮೇಲೆ ಗಿಟಾರ್ ಒಂದೇ ಹೆಸರನ್ನು ಎಷ್ಟು ದೂರ ಹೊರಬಲ್ಲದು?

1982ರಲ್ಲಿ ಡಿಯೋ ಹೋದ ಮೇಲಿನದು ಇನ್ನೂ ಕಷ್ಟದ ದಾರಿ. 1983ರ ‘ಬಾರ್ನ್ ಅಗೇನ್’ಗೆ ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಹಾಡಲು ಬಂದ, ಆ ಪ್ರವಾಸದಲ್ಲಿ ಸಬ್ಬತ್ ಪರ್ಪಲ್‌ನ ಹಾಡನ್ನೂ ನುಡಿಸಿತು. 1986ರ ‘ಸೆವೆಂತ್ ಸ್ಟಾರ್’ ಅಯೋಮಿಯ ಸ್ವಂತ ಆಲ್ಬಂ ಆಗಬೇಕಿತ್ತು. ರೆಕಾರ್ಡ್ ಕಂಪನಿಯ ಒತ್ತಾಯಕ್ಕೆ ಸಬ್ಬತ್ ಹೆಸರು ಅಂಟಿತು. 1987ರ ‘ದಿ ಎಟರ್ನಲ್ ಐಡಲ್’ ಅನ್ನು ಮೊದಲು ಹಾಡಿದ್ದು ರೇ ಗಿಲೆನ್. ಅವನು ಬಿಟ್ಟುಹೋದ ಮೇಲೆ ಟೋನಿ ಮಾರ್ಟಿನ್ ಅದೇ ಹಾಡುಗಳ ಮೇಲೆ ಮತ್ತೆ ಹಾಡಿದ. ಇನ್ನೊಬ್ಬನ ಬಾಯಿಗೆ ಕೂಡಿಸಿದ ಉಸಿರು, ಇನ್ನೊಬ್ಬನ ನಿಲುಗಡೆ. ಗಾಯಕನ ಅಳತೆಗೆ ಹೊಲಿದ ಅಂಗಿ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಮಾರ್ಟಿನ್‌ಗೆ ಆದದ್ದು ನೋವಿನ ಸಂಗತಿ. 1989ರಿಂದ 1995ರವರೆಗಿನ ಅವನ ನಾಲ್ಕು ಆಲ್ಬಂಗಳು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಮತ್ತೆ ಬಂದದ್ದು 2024ರಲ್ಲಿ. ‘ಹೆಡ್‌ಲೆಸ್ ಕ್ರಾಸ್’ (ಆ ನಾಲ್ಕರಲ್ಲಿ ಮೊದಲನೆಯದು) ಅಷ್ಟು ಚೆನ್ನಾಗಿದ್ದೂ ಕೇಳುಗರು ಅದರಲ್ಲಿ ಓಜಿಯನ್ನು, ಡಿಯೋವನ್ನು ಹುಡುಕಿದರು. ಹೆಸರೇ ಅವರನ್ನು ಹಾಗೆ ಹುಡುಕಿಸಿತು.

ದಾರಿ ಬೇರೆ ಇತ್ತು. 2006ರಲ್ಲಿ ಅಯೋಮಿ, ಬಟ್ಲರ್, ಡಿಯೋ, ಡ್ರಮ್ಮರ್ ವಿನಿ ಅಪೀಸಿ ಮತ್ತೆ ಕೂಡಿ ‘ಹೆವನ್ ಅಂಡ್ ಹೆಲ್’ ಎಂದೇ ಬ್ಯಾಂಡಿಗೆ ಹೆಸರಿಟ್ಟರು. ಡಿಯೋ ಕಾಲದ ಹಾಡುಗಳನ್ನಷ್ಟೇ ನುಡಿಸಿದರು, 2009ರಲ್ಲಿ ಹೊಸ ಆಲ್ಬಮ್ಮೂ ತಂದರು. ಯಾರೂ ಯಾರ ನೆರಳಿನಲ್ಲೂ ಹಾಡಬೇಕಾಗಲಿಲ್ಲ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ ಮೂಲ ನಾಲ್ವರು ಕೊನೆಯ ಬಾರಿ ಸೇರಿದರು. ಸಬ್ಬತ್ ಆ ರಾತ್ರಿ ನುಡಿಸಿದ್ದು ನಾಲ್ಕು ಹಾಡು, ನಾಲ್ಕೂ ಓಜಿ ಹಾಡಿದ, 1970ನೇ ಇಸವಿಯವು.