ಸತ್ತವರಿಗೂ ಡ್ಯೂಟಿ

"ಮಾಮ, ನಿಮಗೆ ಹೊಸದು ಯಾವುದೂ ಹಿಡಿಸೂದಿಲ್ಲ" ಎಂದ ಅಳಿಯ, ಮುಂಬೈಯ ಮುಲುಂಡ್‌ನಿಂದ ಡೊಂಬಿವಲಿಗೆ ವಾಪಸ್ ಬರುವಾಗ. ‘ಏಲಿಯನ್: ರೊಮುಲಸ್’ ಎಂಬ ಇಂಗ್ಲಿಷ್ ಸಿನಿಮಾ ನೋಡಲು ಎಳೆದುಕೊಂಡು ಹೋದವನು ಅವನು. ಟಿಕೆಟ್ ದುಡ್ಡು ನನ್ನದು.

ಹಿಡಿಸಲಿಲ್ಲ ಅಂದವರು ಯಾರು? ಶುರು ಚೆನ್ನಾಗಿಯೇ ಇತ್ತು. ಬಿಸಿಲೇ ಕಾಣದ ಗಣಿ ಕಾಲೊನಿ. ಕಾಂಟ್ರ್ಯಾಕ್ಟ್ ಮುಗೀತು, ಬಿಡಿ ಅಂತಾಳೆ ಹುಡುಗಿ. ಇನ್ನೂ ಐದಾರು ವರ್ಷ ದುಡಿ ಅಂತದೆ ಕಂಪನಿ. ಇದು ಹಾರರ್ ಅಂತೆ! ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್‌ಗೆ ಜೋತು ಬೀಳುವ ನಮಗೆ ಅದು ಬರೀ ಸೋಮವಾರ.

ಆಮೇಲೆ ಏಡಿಯಂಥ ಜಂತುಗಳು ನೀರೊಳಗೆ ಸರಿದಾಡತೊಡಗಿದವು. ನಾನು ಕಾಲು ಮೇಲೆಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಝಗ್ಗನೆ ಲೈಟು. "ಚೀಸ್ ಪಾಪ್‌ಕಾರ್ನ್ ಯಾರದ್ದು ಸರ್?"

1979ರ ಮೊದಲ ‘ಏಲಿಯನ್’ನಲ್ಲಿ ಜಂತುವಿನ ವೇಷದ ಒಳಗಿದ್ದದ್ದು ಬೊಲಾಜಿ ಬಡೇಜೊ ಎಂಬ ನೈಜೀರಿಯಾದ ಉದ್ದನೆಯ ಹುಡುಗ. ನಿರ್ದೇಶಕ ರಿಡ್ಲಿ ಸ್ಕಾಟ್ ಅವನನ್ನು ಪೂರ್ತಿ ತೋರಿಸಿದ್ದೇ ಕಮ್ಮಿ. ಇದು ನಮಗೆ ಗೊತ್ತಿಲ್ಲದ್ದಾ? ಚಿಕ್ಕಂದಿನಲ್ಲಿ ಮಾಟುಂಗದಲ್ಲಿ ಯಕ್ಷಗಾನ ಆದಾಗ, ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿದರೆ ನಾನು ಅಮ್ಮನ ಸೆರಗಿನೊಳಗೆ. ಕಾಣುತ್ತಿದ್ದದ್ದು ಕಿರೀಟದ ತುದಿ ಅಷ್ಟೇ. ಆಮೇಲೆ ಬಣ್ಣ ಹಚ್ಚುವ ಚೌಕಿಗೆ ಇಣುಕಿದರೆ ಅದೇ ರಾಕ್ಷಸ, ಮುಖಕ್ಕಿಟ್ಟ ಬಿಳಿ ಚುಕ್ಕಿಗಳ ಚಿಟ್ಟಿ ಕೆಡಬಾರದೆಂದು ಸ್ಟ್ರಾದಲ್ಲಿ ಚಹಾ ಹೀರುತ್ತಿದ್ದ. ಆದರೂ ಹೆದರಿಕೆ ಹೋಗಲಿಲ್ಲ.

ಮೊದಲ ಸಿನಿಮಾದಲ್ಲಿ ರೋಬೋ ಆಗಿದ್ದ ಇಯಾನ್ ಹೋಲ್ಮ್ 2020ರಲ್ಲಿ ತೀರಿಕೊಂಡರು. 2024ರ ಈ ಸಿನಿಮಾದಲ್ಲಿ, ಕಂಪ್ಯೂಟರಿನ ಕೃಪೆಯಿಂದ, ಅವರ ಮುಖ ಮತ್ತೆ ಹಾಜರ್, ಅರ್ಧ ದೇಹದ ರೋಬೋ ಆಗಿ. ಎಂಥಾ ಸಾಧನೆ! ನಾವು ವರ್ಷಕ್ಕೊಮ್ಮೆ ತಿಥಿ ಮಾಡಿ, ಕಾಗೆಗೆ ಅನ್ನ ಇಟ್ಟು, ಹಿರಿಯರನ್ನು ಮರ್ಯಾದೆಯಾಗಿ ಕಳಿಸಿಕೊಡ್ತೇವೆ. ಇವರು ಕರೆಸಿ ಡ್ಯೂಟಿ ಹಾಕ್ತಾರೆ. ಭತ್ಯೆ ಇಲ್ಲ, ಊಟ ಇಲ್ಲ, ಲೇಟಾಗಿ ಬರುವ ಪ್ರಶ್ನೆಯೂ ಇಲ್ಲ. ಮನೆಯವರ ಒಪ್ಪಿಗೆ ತಗೊಂಡಿದ್ದರಂತೆ. ಇರಬಹುದು. ನನಗೆ ಮಾತ್ರ ಸುಮ್ನೆ ನೋಡಿಕೊಂಡು ಕೂರಲಾಗಲಿಲ್ಲ. ತುಟಿ ಒಂದು ಕಡೆ, ಮಾತು ಒಂದು ಕಡೆ. ಬದುಕಿರುವ ಒಬ್ಬ ನಟ ಸಿಗಲಿಲ್ಲವಾ ಇವರಿಗೆ? 1979ರಲ್ಲಿ ಯಾವ ಹಳೇ ಮುಖ ಇಟ್ಟುಕೊಂಡು ಹೆದರಿಸಿದ್ದರು?

1986ರ ಎರಡನೇ ಸಿನಿಮಾದಲ್ಲಿ ಮಗುವನ್ನು ಉಳಿಸಲು ನಾಯಕಿ ರಿಪ್ಲಿ ಗುಡುಗಿದ ಡೈಲಾಗನ್ನು ಇಲ್ಲೊಂದು ರೋಬೋ ತೊದಲಿ ಒಪ್ಪಿಸಿತು. ಥಿಯೇಟರ್ ತುಂಬಾ ಶಿಳ್ಳೆ. ಅಳಿಯನದ್ದೇ ಜಾಸ್ತಿ. ಹಳೆಯದನ್ನು ಅವನು ನೋಡಿಯೇ ಇಲ್ಲ. ಆ ಒಂದು ಡೈಲಾಗ್ ಮೊಬೈಲಲ್ಲಿ ನೋಡಿದ್ದನಂತೆ.

"ಹಾಗಾದ್ರೆ ಮೊದಲಿನದ್ದು ನೋಡ್ತೇನೆ, ಆಯ್ತಾ?" ಎಂದ. ಠಾಣೆ ಬರುವಷ್ಟರಲ್ಲಿ ಹುಡುಕಿಯೂ ಆಯಿತು. ಐದು ನಿಮಿಷ ನೋಡಿದ. ಯಾರೂ ಮಾತಾಡುತ್ತಿಲ್ಲ, ಖಾಲಿ ಹಡಗು, ಖಾಲಿ ದಾರಿ. ಒಂದೂವರೆ ಸ್ಪೀಡಿಗೆ ಹಾಕಿಕೊಂಡ.