ಅದಿರು ಬಣ್ಣದ ಗೋಡೆ

ಚಳಿ ಕಾಯಿಸಲು ಗೋಡೆಯಲ್ಲಿ ಕಟ್ಟುವ ಒಲೆಗೆ ಕನ್ನಡದಲ್ಲಿ ಅಗ್ಗಿಷ್ಟಿಕೆ ಅಂತ ಒಂದು ಪದವಿದೆ. ಪುಸ್ತಕಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಬಾಯಿಬಿಟ್ಟು ಹೇಳಿದವರನ್ನು ಮಾತ್ರ ಇವತ್ತಿನವರೆಗೂ ಕಂಡಿಲ್ಲ. ಸಂಡೂರಿನಲ್ಲಿ ಹುಟ್ಟಿ ಬೆಳೆದ ನನಗೆ ಅದರ ಅಗತ್ಯವೂ ಬೀಳಲಿಲ್ಲ ಬಿಡಿ. ಏಪ್ರಿಲ್ ಬಂತೆಂದರೆ ಬಳ್ಳಾರಿ ಸೀಮೆಯೇ ಒಂದು ಒಲೆ. ಒಹಾಯೋದ ಕೊಲಂಬಸ್‌ನಲ್ಲಿ ಮನೆ ಕೊಂಡಾಗ ಹಾಲ್ ಜೊತೆಗೆ ಅದೂ ಬಂತು. ಎಲ್ಲರ ಹಾಗೆ ನಾವೂ ಫೈರ್‌ಪ್ಲೇಸ್ ಅನ್ನುತ್ತೇವೆ.

ಗೋಡೆಯ ಸ್ವಿಚ್ ಒತ್ತಿದರೆ ಗ್ಯಾಸ್ ಹತ್ತಿಕೊಳ್ಳುತ್ತದೆ. ಒಳಗೆ ಪಿಂಗಾಣಿಯ ಕೊರಡುಗಳು. ಎಷ್ಟು ಉರಿದರೂ ಸುಡುವುದಿಲ್ಲ. ಹೊಗೆಯಿಲ್ಲ, ಬೂದಿಯಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿ. ಊರಲ್ಲಿ ಅವ್ವನ ಒಲೆ ಹಿಂದಿನ ಗೋಡೆಗೆ ಯಾವ ಬಣ್ಣ ಬೇಕು ಅಂತ ಯಾರೂ ಯೋಚಿಸಿದವರಲ್ಲ. ಹಬ್ಬಕ್ಕೆ ಸುಣ್ಣ ಬಳಿದರೆ ತಿಂಗಳೊಳಗೆ ಒಲೆ ತನಗೆ ಬೇಕಾದ ಬಣ್ಣ ಮಾಡಿಕೊಳ್ಳುತ್ತಿತ್ತು. ಇಲ್ಲಿಯ ಒಲೆಗೆ ಆ ಸಾಮರ್ಥ್ಯವಿಲ್ಲ. ಗಂಡ ಹೆಂಡತಿ ಕೂತು ಆರಿಸಬೇಕು.

ಉಳಿದ ಮೂರು ಗೋಡೆಗಳಿಗೆ ಹಳೆಯ ಯಜಮಾನರು ಬಳಿಸಿದ್ದು ಶೆರ್ವಿನ್ ವಿಲಿಯಮ್ಸ್ ಕಂಪನಿಯ ಅಗ್ರೀಯಬಲ್ ಗ್ರೇ. ಯಾರೂ ತಕರಾರು ತೆಗೆಯದ ಬೂದು ಅಂತಿಟ್ಟುಕೊಳ್ಳಿ. ನಿಜಕ್ಕೂ ಹಾಗೇ ಇದೆ. ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅದಕ್ಕೇ ಫೈರ್‌ಪ್ಲೇಸ್ ಇರುವ ಗೋಡೆಗೆ ಆಕ್ಸೆಂಟ್, ಅಂದರೆ ಎದ್ದು ಕಾಣುವ ಬೇರೆ ಬಣ್ಣ, ಬೇಕು ಅಂತ ಹೆಂಡತಿ ಹೊರಟಳು. ಬೆಂಗಳೂರಿನ ಪೇಂಟರುಗಳು ಇದಕ್ಕೇ ಹೈಲೈಟ್ ಅನ್ನುವುದು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ನನ್ನ ಮಾತಿನ ಆಕ್ಸೆಂಟ್ ಸಣ್ಣದು ಮಾಡಿಕೊಳ್ಳುವುದರಲ್ಲೇ ಕಳೆದಿದ್ದೇನೆ. ಈಗ ದುಡ್ಡು ಕೊಟ್ಟು ಗೋಡೆಗೆ ಹಚ್ಚಿಸಬೇಕಂತೆ.

ಅಂಗಡಿಯಿಂದ ಬಣ್ಣದ ಚೀಟಿಗಳ ಒಂದು ಕಂತೆಯೇ ಬಂತು. ಸಾವಿರಕ್ಕೂ ಹೆಚ್ಚು ಬಣ್ಣಗಳು. ಅಷ್ಟಕ್ಕೂ ಹೆಸರಿಡುವುದು ಸುಮ್ನೆ ಮಾತಲ್ಲ. ನಮ್ಮಲ್ಲಿ ಬಣ್ಣಕ್ಕೆ ಹೆಸರಿಡುವುದು ಕಷ್ಟವೇ ಅಲ್ಲ. ಕಣ್ಣೆದುರಿಗಿರುವ ವಸ್ತುವನ್ನು ತೋರಿಸಿದರೆ ಆಯಿತು. ಇಟ್ಟಿಗೆ ಬಣ್ಣ, ಬದನೆಕಾಯಿ ಬಣ್ಣ, ಗಿಳಿ ಹಸಿರು. ಕೇಳಿದವರಿಗೂ ವಸ್ತು ಗೊತ್ತು, ಹೇಳಿದವರಿಗೂ ಗೊತ್ತು. ಜಗಳಕ್ಕೆ ಜಾಗವಿಲ್ಲ. ಇಂಗ್ಲೆಂಡಿನ ಫ್ಯಾರೋ ಅಂಡ್ ಬಾಲ್ ಎಂಬ ಕಂಪನಿಯದೊಂದು ಬಣ್ಣವಿದೆ, ಎಲಿಫೆಂಟ್ಸ್ ಬ್ರೆತ್. ಆನೆಯ ಉಸಿರು! ಹಂಪಿಯ ವಿರೂಪಾಕ್ಷನ ಗುಡಿಯ ಆನೆ ಲಕ್ಷ್ಮಿ ನನ್ನ ತಲೆ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡಿದ್ದಾಳೆ. ಬಿಸಿಯಾಗಿತ್ತು, ಸ್ವಲ್ಪ ಒದ್ದೆ, ಬಾಳೆಹಣ್ಣಿನ ವಾಸನೆ. ಬಣ್ಣ ಏನೂ ಕಂಡ ನೆನಪಿಲ್ಲ.

ಹೆಂಡತಿ ಮೈಸೂರಿನವಳು. ಅವಳಿಗೆ ನವಿಲು ನೀಲಿ ಬೇಕಿತ್ತು. ಅದು ಯಾವ ಚೀಟಿಯಲ್ಲೂ ಸರಿಯಾಗಿ ಸಿಗಲಿಲ್ಲ. ಕೊನೆಗೆ ಬೀರುವಿನಿಂದ ತನ್ನ ಮೈಸೂರು ಸಿಲ್ಕ್ ಸೀರೆ ತಂದು ಫೈರ್‌ಪ್ಲೇಸ್ ಮೇಲಿನ ಹಲಗೆಯಿಂದ ಇಳಿಬಿಟ್ಟಳು. "ಇದು ಕಣ್ರೀ ನಾನು ಹೇಳಿದ್ದು" ಅಂದಳು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ರೇಷ್ಮೆಯಲ್ಲಿ ನೀಲಿ ಇದ್ದಲ್ಲಿ ಇರುವುದಿಲ್ಲ. ಮಡಿಕೆ ಹೊರಳಿದಂತೆ ಹಸಿರಾಗುತ್ತದೆ, ಮತ್ತೆ ನೀಲಿಯಾಗುತ್ತದೆ. ಗೋಡೆ ಹೊರಳುವುದಿಲ್ಲವಲ್ಲ!

ಆರು ಸ್ಯಾಂಪಲ್ ಡಬ್ಬಿ ತಂದು ಆರು ಪಟ್ಟಿ ಬಳಿದೆವು. ಬಳಿದದ್ದು ಡಿಸೆಂಬರ್‌ನಲ್ಲಿ, ಅದೇ ತಪ್ಪಾಯಿತು. ಇಲ್ಲಿ ಆಗ 5 ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆಫೀಸಿಗೆ ಹೋಗುವವರು ವಾರವಿಡೀ ತಮ್ಮ ಮನೆಯ ಗೋಡೆ ನೋಡುವುದು ಬಲ್ಬಿನ ಬೆಳಕಿನಲ್ಲೇ. ಹಳದಿ ಬಲ್ಬಿನಡಿ ಹಸಿರು ಪಾಚಿಯಾಯಿತು. ನೀಲಿ, ಶಾಲೆಯ ಶಾಯಿ ಡಬ್ಬಿಯಾಯಿತು. ಶನಿವಾರ ಬೆಳಿಗ್ಗೆ ಕಿಟಕಿಯಾಚೆ ಹಿಮ ಬಿದ್ದಿದ್ದಾಗ ನೋಡಿದರೆ ಅವೇ ಪಟ್ಟಿಗಳು ಬೇರೆ ಯಾರದೋ ಮನೆಯವು ಅನ್ನಿಸಿದವು. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಸೀರೆಯನ್ನು ಬಾಗಿಲಾಚೆ ಬಿಸಿಲಿಗೆ ಒಯ್ದು ನೋಡುತ್ತಾರಲ್ಲ, ಅದು ಎಂಥ ಬುದ್ಧಿವಂತಿಕೆ ಅಂತ ಆಗ ಗೊತ್ತಾಯಿತು. ಗೋಡೆಯನ್ನು ಹೊರಗೆ ಒಯ್ಯುವುದು ಹೇಗೆ?

ಪಟ್ಟಿಗಳು ಯುಗಾದಿವರೆಗೂ ಹಾಗೇ ಇದ್ದವು. ಬಂದವರೆಲ್ಲ ಒಂದೊಂದು ಓಟು ಹಾಕಿದರು. ಕನ್ನಡ ಕೂಟದ ಗೆಳೆಯರೊಬ್ಬರು ನಾಲ್ಕನೆಯದಕ್ಕೆ ಹಾಕಿದರು. ಅವರ ಹೆಂಡತಿ ನಾಲ್ಕನೆಯದು ಬಿಟ್ಟು ಯಾವುದಾದರೂ ಸರಿ ಅಂದರು. ಅದು ಗೋಡೆಯ ವಿಷಯವಲ್ಲ ಅನ್ನಿಸಿ ನಾನು ಕಾಫಿ ತರಲು ಎದ್ದೆ.

ನಾಲ್ಕನೆಯದರ ಹೆಸರು ಐರನ್ ಓರ್. ಚೀಟಿಗಳ ಕಂತೆಯಲ್ಲಿ ನನ್ನ ಕೈ ಅಲ್ಲಿಯೇ ನಿಂತಿದ್ದು ಆ ಹೆಸರಿಗೆ. ಕಬ್ಬಿಣದ ಅದಿರು! ಸಂಡೂರಿನವನಿಗೆ ಅದಿರಿನ ಬಣ್ಣ ಹೇಳಿಕೊಡಬೇಕೇ? 2000ದ ದಶಕದಲ್ಲಿ ನಮ್ಮೂರಿನಿಂದ ಲಾರಿಗಳು ಸಾಲುಗಟ್ಟಿ ಬೇಲೆಕೇರಿ ಬಂದರಿನ ಕಡೆ ಹೋಗುತ್ತಿದ್ದವು. ಆಗ ಊರಿಗೆಲ್ಲ ಒಂದೇ ಬಣ್ಣ. ರಸ್ತೆ ಬದಿಯ ಬೇವಿನ ಮರ ಕೆಂಪು, ಬಸ್ಸು ಕೆಂಪು, ಒಣಗಹಾಕಿದ ಬಿಳಿ ಪಂಚೆ ಕೆಂಪು. ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಇಳಿದರೆ ಕರವಸ್ತ್ರ ಕೆಂಪು. ಮನೆಗೆ ಬಿಳಿ ಸುಣ್ಣ ಬಳಿಸುವುದನ್ನು ಜನ ಬಿಟ್ಟೇಬಿಟ್ಟಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಆ ವರ್ಷ ಮಳೆಯಲ್ಲಿ ತೊಳೆದ ಬೇವು ಮಳೆ ನಿಂತ ಮೇಲೂ ಹಸಿರಾಗಿಯೇ ಉಳಿಯಿತು. ಬೇವು ಹಸಿರು ಅನ್ನುವುದೇ ನಮಗೆ ಹೊಸ ಸುದ್ದಿ.

ಚೀಟಿಯಲ್ಲಿದ್ದದ್ದು ಕೆಂಪಲ್ಲ. ಇದ್ದಲಿಗೆ ಸ್ವಲ್ಪ ಬೂದಿ ಬೆರೆಸಿದಂಥ ಬಣ್ಣ. ಬಣ್ಣದವರ ಲೆಕ್ಕದಲ್ಲಿ ಎಲ್‌ಆರ್‌ವಿ ಅಂತ ಒಂದಿದೆ, ಗೋಡೆ ಎಷ್ಟು ಬೆಳಕನ್ನು ವಾಪಸು ಕೊಡುತ್ತದೆ ಅನ್ನುವುದರ ಅಳತೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಅಗ್ರೀಯಬಲ್ ಗ್ರೇಗೆ 60. ಇದಕ್ಕೆ ಬರೀ 6. "ಇವರಿಗೆ ಅದಿರು ಗೊತ್ತಿಲ್ಲ" ಅಂತ ಹೆಂಡತಿಯ ಮುಂದೆ ದೊಡ್ಡದಾಗಿ ಹೇಳಿದೆ. ಆಮೇಲೆ ನೆನಪಾಯಿತು, ಅವರದೂ ತಪ್ಪಲ್ಲ. ನಮ್ಮ ಅದಿರು ಹೆಮಟೈಟ್ ಜಾತಿಯದು, ಗಟ್ಟಿಯಾಗಿದ್ದಾಗ ಉಕ್ಕಿನಂತೆ ಬೂದುಗಪ್ಪು. ಪುಡಿಯಾದಾಗಲೇ ಕೆಂಪು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಕೆಂಪು ಗೆರೆ ಬಿಡುತ್ತದೆ, ಭೂವಿಜ್ಞಾನದವರು ಅದನ್ನು ಗುರುತಿಸುವುದು ಆ ಗೆರೆಯಿಂದಲೇ. ಇವರು ಕಂಡದ್ದು ಕಲ್ಲು, ನಾವು ಕಂಡದ್ದು ಧೂಳು.

ಅಷ್ಟು ಹೇಳಿದ ಮೇಲೆ ಬೇರೆ ಬಣ್ಣಕ್ಕೆ ಓಟು ಹಾಕಲು ನನಗೆ ಮನಸ್ಸಾಗಲಿಲ್ಲ. ಹೆಂಡತಿ ಹೇಗೆ ಒಪ್ಪಿದಳು ಅಂತ ಕೇಳಬೇಡಿ. ನವಿಲು ನೀಲಿಯಲ್ಲಿ ಈಗ ಎರಡು ಕುರ್ಚಿಗಳಿವೆ.

ಒಂದು ಗ್ಯಾಲನ್ ಸಾಕಾಯಿತು. ಹೊಳಪಿಲ್ಲದ ಮ್ಯಾಟ್ ತೆಗೆದುಕೊಂಡೆವು. ಗಾಢ ಬಣ್ಣದ ಮ್ಯಾಟ್‌ಗೆ ಕೈ ತಾಗಿದರೂ ಗುರುತು ಬೀಳುತ್ತದೆ, ಯೋಚಿಸಿ ಅಂತ ಅಂಗಡಿಯ ಹುಡುಗ ಹೇಳಿದ. ಮನೆಯಲ್ಲಿ ಗೋಡೆ ಮುಟ್ಟುವವರು ಯಾರಿದ್ದಾರೆ ಅಂದೆವು. ಅಂಚಿಗೆ ನೀಲಿ ಟೇಪು ಅಂಟಿಸಿ, ಎರಡು ಕೋಟು ಬಳಿದು, ಟೇಪು ಕೀಳುವಾಗ ಒಂದು ಕಡೆ ಬೂದು ಗೋಡೆಯ ಪದರವೂ ಕಿತ್ತು ಬಂತು. ಆ ಜಾಗದಲ್ಲಿ ಈಗ ಮನಿ ಪ್ಲಾಂಟ್ ಇದೆ.

ಜೂನ್‌ನಲ್ಲಿ ಅವ್ವ ಬಂದಳು. ವಿಮಾನದಲ್ಲಿ ನಿದ್ದೆಯಿಲ್ಲದೆ ಬಂದವಳು ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ನೋಡಿದ್ದೇ ಗೋಡೆ.

"ಇದೇನೋ, ಒಲಿ ಮಸಿ ಹತ್ತೇತಲ್ಲ. ಸುಣ್ಣ ಹೊಡಸಬಾರದೇನು?"

"ಮಸಿ ಅಲ್ಲವ್ವ, ಬಣ್ಣ. ಅದಿರು ಅಂತ ಅದರ ಹೆಸರು."

"ಅದಿರಾ?"

ನಂಬಿದ ಹಾಗೆ ಕಾಣಲಿಲ್ಲ. ಹತ್ತಿರ ಹೋದಳು. ತಲೆಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆಯ ಕೈ. ತೋರುಬೆರಳನ್ನು ಗೋಡೆಗೆ ಒತ್ತಿ ಒಂದು ಗೇಣಷ್ಟು ಉದ್ದಕ್ಕೆ ಎಳೆದಳು. ಕಿಟಕಿಯ ಬೆಳಕಿಗೆ ಬೆರಳು ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದಳು. ಕೆಂಪು ಏನೂ ಹತ್ತಿರಲಿಲ್ಲ.

ಗೋಡೆಯ ಮೇಲೆ ಮಾತ್ರ ಒಂದು ಗೆರೆ ಮೂಡಿತ್ತು. ಒರೆಸಲು ಬಟ್ಟೆ ತರಲೇ ಅಂತ ಹೆಂಡತಿ ಕಣ್ಣಲ್ಲೇ ಕೇಳಿದಳು. ಬೇಡ ಅಂದೆ.