ಮಗು ದೇವದುರ್ಗದಲ್ಲಿ, ಓಟಿಪಿ ಮಾರತಹಳ್ಳಿಯಲ್ಲಿ

ಹಳ್ಳಿ ಮಕ್ಕಳ ಆರೋಗ್ಯ ಸುಧಾರಿಸಬೇಕಾದರೆ ಮೊದಲು ಬೇಕಾಗುವುದು ಒಂದು ಒಳ್ಳೆಯ ಬ್ಯಾಂಕ್ವೆಟ್ ಹಾಲ್. ಈ ವಿಷಯದಲ್ಲಿ ಬೆಂಗಳೂರಿಗೆ ಯಾವ ಕೊರತೆಯೂ ಇಲ್ಲ. ಬಡ ಗ್ರಾಮೀಣ ಮಕ್ಕಳ ಲಸಿಕೆಯ ಬಗ್ಗೆ ಇಲ್ಲಿ ನಡೆಯುವಷ್ಟು ಸಮಾವೇಶಗಳು ಆ ಮಕ್ಕಳ ಊರಲ್ಲಿ ನಡೆದಿದ್ದರೆ, ಕಾಫಿ ಬಿಸ್ಕತ್ತಿನಿಂದಲೇ ಅಲ್ಲಿನ ಅಪೌಷ್ಟಿಕತೆ ಒಂದಿಷ್ಟು ಕಡಿಮೆಯಾಗುತ್ತಿತ್ತು.

ಅಂಥದ್ದೊಂದಕ್ಕೆ ಈಚೆಗೆ ನನಗೂ ಕರೆ ಬಂದಿತ್ತು. ಹೊರವರ್ತುಲ ರಸ್ತೆಯ ಪಕ್ಕದ ಪಂಚತಾರಾ ಹೋಟೆಲ್. ವಿಷಯ, ‘ರೀಇಮ್ಯಾಜಿನಿಂಗ್ ದಿ ಲಾಸ್ಟ್ ಮೈಲ್’. ಹಾಲ್ ಇದ್ದದ್ದು ನೆಲಮಾಳಿಗೆಯ ಎರಡನೇ ಅಂತಸ್ತಿನಲ್ಲಿ. ತಳಮಟ್ಟದ ಚರ್ಚೆ ಅಂದರೆ ಇದೇ ಇರಬೇಕು.

ದಿನ ಗುರುವಾರ. ಕರ್ನಾಟಕದಲ್ಲಿ ಗುರುವಾರ ಅಂದರೆ ಲಸಿಕೆ ದಿನ. ಅಂಗನವಾಡಿಯಲ್ಲೋ ಉಪಕೇಂದ್ರದಲ್ಲೋ ನರ್ಸಮ್ಮ ಡಬ್ಬಿ ಹಿಡಿದು ಕೂರುವ ದಿನ. (ಕಾಗದದ ಮೇಲೆ ಆಕೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’. ಹುದ್ದೆಯ ಹೆಸರು ಉದ್ದ ಆಗಿದೆ, ಬಸ್ಸು ಮಾತ್ರ ಅದೇ ಹಳೇದು.) ಅಂಥ ಒಬ್ಬ ನರ್ಸಮ್ಮನನ್ನು ಸನ್ಮಾನಿಸಲು ವೇದಿಕೆಯ ತುದಿಯಲ್ಲಿ ಕುರ್ಚಿ ಹಾಕಿದ್ದರು. ಮುಂದೆ ‘ಕ್ಷೇತ್ರದ ದನಿ’ ಅಂತ ಫಲಕ. ಆಕೆ ಬರಲಿಲ್ಲ. ಗುರುವಾರ ಸರ್, ಮಕ್ಕಳಿಗೆ ಇಂಜೆಕ್ಷನ್ ಹಾಕಬೇಕು ಅಂದರಂತೆ. ಸಂಘಟಕರಿಗೆ ಬೇಜಾರಾಯಿತು. ‘ಗ್ರಾಸ್‌ರೂಟ್ ಎಂಗೇಜ್‌ಮೆಂಟ್ ಸಿಗೋದೇ ಕಷ್ಟ’ ಅಂತ ಒಬ್ಬರು ಗೊಣಗಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ವ್ಯರ್ಥವಾಗಬಾರದಲ್ಲ. ಪ್ರಾಯೋಜಕ ಕಂಪನಿಯ ಉಪಾಧ್ಯಕ್ಷರಿಗೇ ಹೊದಿಸಿದರು. ಅವರು ಭಾವುಕರಾದರು.

ಮೊದಲ ಗೋಷ್ಠಿ ಶೀತಲ ಸರಪಳಿಯ ಬಗ್ಗೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕಾರ್ಖಾನೆಯಿಂದ ರಾಜ್ಯದ ಉಗ್ರಾಣಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಐಎಲ್‌ಆರ್ ಪೆಟ್ಟಿಗೆಗೆ (ಗೋಡೆಯಲ್ಲಿ ಐಸ್ ತುಂಬಿದ ಫ್ರಿಜ್ಜು), ಕೊನೆಗೆ ನಾಲ್ಕು ಐಸ್ ಪ್ಯಾಕ್ ಇಟ್ಟ ಡಬ್ಬಿಗೆ. ಎಲ್ಲೂ ತಂಪು ತಪ್ಪಬಾರದು. ಕೇಳುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟು: ತಜ್ಞರನ್ನು ಸಾಗಿಸುವುದೂ ಹೀಗೇ. ವಿಮಾನದ ತಂಪಿನಿಂದ ಕಾರಿನ ತಂಪಿಗೆ, ಕಾರಿನಿಂದ ಲಾಬಿಗೆ, ಲಾಬಿಯಿಂದ ಹಾಲ್‌ಗೆ. ದೇವನಹಳ್ಳಿಯಿಂದ ಇಲ್ಲಿವರೆಗೆ ಒಂದು ಕಡೆಯೂ ಸರಪಳಿ ಕಡಿದಿರಲಿಲ್ಲ. ಒಬ್ಬರು ಮಾತ್ರ ಪಾರ್ಕಿಂಗ್ ಸಿಗದೆ ಬಿಸಿಲಲ್ಲಿ ನಡೆದು ಬಂದಿದ್ದರು. ಅವರ ಶಕ್ತಿ ಕುಂದಿರುವುದು ನೋಡಿದರೇ ಗೊತ್ತಾಗುತ್ತಿತ್ತು.

ಲಸಿಕೆ ಬಾಟಲಿಯ ಮೇಲೆ ಒಂದು ಪುಟ್ಟ ಗುರುತು ಇರುತ್ತದೆ. ಒಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದ ಹಾಗೆ ಚೌಕ ಗಾಢವಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಬಾಟಲಿ ಎಸೆಯಬೇಕು. ದಡಾರ–ರುಬೆಲ್ಲಾ ಲಸಿಕೆಗಂತೂ ಇನ್ನೂ ಕಟ್ಟುನಿಟ್ಟು. ದ್ರವ ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಬಳಸುವ ಹಾಗಿಲ್ಲ. ತಜ್ಞರಿಗೆ ಇಂಥ ನಿಯಮ ಯಾಕೆ ಮಾಡಿಲ್ಲವೋ ಗೊತ್ತಿಲ್ಲ. ಬೆಳಿಗ್ಗೆ ಹತ್ತಕ್ಕೆ ತೆರೆದ ಒಬ್ಬರು ಸಂಜೆ ಐದಾದರೂ ಬಳಕೆಯಲ್ಲೇ ಇದ್ದರು.

ನಡುವೆ ಎಸಿ ಸ್ವಲ್ಪ ಹೊತ್ತು ಕೈಕೊಟ್ಟಿತು. ಹಾಲ್‌ನಲ್ಲಿ ಹಾಹಾಕಾರ. ಐಎಲ್‌ಆರ್ ಪೆಟ್ಟಿಗೆಗೆ ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೆ ಸಾಕು, ಉಳಿದ 16 ಗಂಟೆ ಗೋಡೆಯಲ್ಲಿರುವ ಐಸಿನ ಬಲದಿಂದ ತಾನೇ ತಂಪು ಕಾಯ್ದುಕೊಳ್ಳುತ್ತದೆ ಅಂತ ಆಗಷ್ಟೇ ವಿವರಿಸಿದ್ದ ಮಹನೀಯರು, ಕೋಟು ಬಿಚ್ಚಿ ಕಾರ್ಯಸೂಚಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಎರಡನೇ ಗೋಷ್ಠಿ ಅರಿವು. ಇದು ನಮ್ಮ ಊರಿನ ಮೆಚ್ಚಿನ ವಿಷಯ. ಹಳ್ಳಿಯವರಿಗೆ ಅರಿವಿಲ್ಲ, ಮೂಢನಂಬಿಕೆ, ಆದ್ದರಿಂದ ಬೀದಿ ನಾಟಕ ಆಡಿಸಬೇಕು, ರೀಲ್ಸ್ ಮಾಡಿಸಬೇಕು. ಇದನ್ನು ಹೇಳಲು ಸ್ಲೈಡ್ ಬೇಕಾಗಿಲ್ಲ, ಆದರೂ ತುಂಬಾ ಸ್ಲೈಡ್ ಇದ್ದವು. ಒಂದು ಮಾತ್ರ ಇರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ತಿ ಲಸಿಕೆ ಆದವರು ಹಳ್ಳಿಯಲ್ಲಿ ಶೇ. 76.8, ಪಟ್ಟಣದಲ್ಲಿ ಶೇ. 75.5. ಹಳ್ಳಿಯೇ ಒಂದು ಕೈ ಮೇಲೆ. ಕರ್ನಾಟಕದ ಒಟ್ಟು ಅಂಕಿ 2015–16ರಲ್ಲಿ ಶೇ. 62.6 ಇದ್ದದ್ದು ಶೇ. 84.1ಕ್ಕೆ ಏರಿತು. ಏರಿಸಿದ್ದು ಡಬ್ಬಿ ಹೊತ್ತವರು, ರೀಲ್ಸ್ ಅಲ್ಲ.

ಹಾಗಾದರೆ ನ್ಯಾಯವಾಗಿ ಬೀದಿ ನಾಟಕ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ನಡೀಬೇಕಲ್ವಾ? ಸಿಂಧನೂರಿನ ಕಡೆಯಿಂದ ಒಂದು ತಂಡ ಬರಲಿ. ಡೊಳ್ಳು ಬಾರಿಸಲಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ನ್ಯಾಚುರಲ್ ಇಮ್ಯುನಿಟಿ ಬೆಸ್ಟ್’ ಅಂತ ಬರೆಯುವವರಿಗೆ ಗಂಟಲಮಾರಿ ಅಂದರೇನು, ಧನುರ್ವಾಯು ಅಂದರೇನು ಅಂತ ಅಭಿನಯಿಸಿ ತೋರಿಸಲಿ. ಕೊನೆಗೆ ಎಲ್ಲರಿಗೂ ಒಂದೊಂದು ಕರಪತ್ರ ಕೊಟ್ಟು, ಅವರ ಜೊತೆ ಫೋಟೋ ತೆಗೆಸಿಕೊಂಡು ಹೋಗಲಿ.

ಊಟಕ್ಕೆ ಮೊದಲಿನ ಗೋಷ್ಠಿಯ ಹೆಸರು ‘ತಲುಪಲು ಕಷ್ಟವಾದ ಮಕ್ಕಳು’. ಪರದೆಯ ಮೇಲೆ ರಾಜ್ಯದ ನಕ್ಷೆ. ಯಾದಗಿರಿ ಕೆಂಪು, ರಾಯಚೂರು ಕೆಂಪು, ಕಲಬುರಗಿ ಕೆಂಪು. ಅಲ್ಲಿಗೆ ಡ್ರೋನ್‌ನಲ್ಲಿ ಲಸಿಕೆ ಕಳಿಸುವ ಯೋಜನೆ ವಿವರಿಸುತ್ತಿದ್ದಾಗ ಗೋಡೆಯಾಚೆಯಿಂದ ಗರ್ ಅಂತ ಡ್ರಿಲ್ಲಿಂಗ್ ಸದ್ದು. ಹೋಟೆಲಿನ ಹೊಸ ಬ್ಲಾಕ್ ಏಳುತ್ತಿತ್ತು. ಕಟ್ಟುತ್ತಿದ್ದವರು ಅದೇ ಮೂರು ಕೆಂಪು ಜಿಲ್ಲೆಗಳವರು. ಅವರ ತಗಡಿನ ಶೆಡ್ಡು ಹೋಟೆಲಿನ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಮಕ್ಕಳು ಮರಳಿನ ರಾಶಿಯ ಮೇಲೆ ಆಡುತ್ತಿದ್ದವು. ಭಾಷಣಕ್ಕೆ ತೊಂದರೆಯಾಗುತ್ತಿದೆ ಅಂತ ಅಧ್ಯಕ್ಷರು ಸನ್ನೆ ಮಾಡಿದರು. ಮ್ಯಾನೇಜರ್ ಮೆಟ್ಟಿಲು ಹತ್ತಿ ಹೋಗಿ ಕೆಲಸ ನಿಲ್ಲಿಸಿ ಬಂದ. ತಲುಪಲು ಅವನಿಗೆ ಒಂಚೂರೂ ಕಷ್ಟವಾಗಲಿಲ್ಲ.

ಊಟದ ಬಿಡುವಿನಲ್ಲಿ ನಾನು ಆ ಕಡೆ ಹೋಗಿ ಒಬ್ಬ ತಾಯಿಯನ್ನು ಮಾತಾಡಿಸಿದೆ. ‘ಆರು ವಾರದ್ದು ಊರಾಗ ಆಗೈತ್ರಿ. ಆಮ್ಯಾಲಿಂದು ಆಗಿಲ್ಲ. ಕಾರ್ಡು ಊರಾಗ ಪೆಟ್ಟಿಗ್ಯಾಗ ಐತ್ರಿ’ ಅಂದಳು. ಮೊದಲ ಸೂಜಿ ಆದ ರಾತ್ರಿ ಮಗುವಿಗೆ ಜ್ವರ ಬಂದು, ಅತ್ತು, ಮಾರನೇ ದಿನದ ಕೂಲಿ ಹೋಯಿತಂತೆ. ಐದು ರೋಗಕ್ಕೆ ಒಟ್ಟಿಗೆ ಹಾಕುವ ಈ ಪೆಂಟಾವೇಲೆಂಟ್ ಸೂಜಿ ಹಾಕಿಸಿದರೆ ಒಂದೆರಡು ದಿನ ಜ್ವರ ಬರುವುದು ಮಾಮೂಲು. ಅದಕ್ಕೆ ಪ್ಯಾರಾಸಿಟಮಾಲ್ ಇದೆ. ಕೂಲಿ ಹೋದದ್ದಕ್ಕೆ ಔಷಧ ಇಲ್ಲ. 6, 10, 14 ವಾರಕ್ಕೆ ಮೂರು ಸಲ ಇದನ್ನು ತಡೆದುಕೊಳ್ಳಬೇಕು. ಆ ಹೆಂಗಸಿಗೆ ಅರಿವು ಎಷ್ಟಿತ್ತೆಂದರೆ ಯಾವ ಸೂಜಿ ಬಾಕಿ ಅಂತ ವಾರದ ಲೆಕ್ಕದಲ್ಲಿ ಹೇಳಿದಳು. ಎಲ್ಲೆಲ್ಲಿ ಲಸಿಕೆ ಹಾಕಬೇಕು ಅಂತ ಬರೆದಿಡುವ ಆರೋಗ್ಯ ಇಲಾಖೆಯ ಮೈಕ್ರೋಪ್ಲಾನ್‌ನಲ್ಲೂ ಕಟ್ಟಡದ ಕೆಲಸದ ಜಾಗ, ಇಟ್ಟಿಗೆ ಭಟ್ಟಿ, ಅಲೆಮಾರಿಗಳ ಬಿಡಾರ ಎಲ್ಲವೂ ‘ಹೈ ರಿಸ್ಕ್ ಏರಿಯಾ’ ಅಂತ ಗುರುತಾಗಿರುತ್ತವೆ. ಗೊತ್ತಿಲ್ಲದೆ ಇದ್ದದ್ದು ಗೋಡೆಯ ಈಚೆಗಿದ್ದವರಿಗೆ ಮಾತ್ರ.

ವಾಪಸ್ ಬಂದು ಈ ವಿಷಯ ಪ್ರಸ್ತಾಪಿಸಿದೆ. ‘ವೆರಿ ಪವರ್‌ಫುಲ್ ಸ್ಟೋರಿ’ ಅಂದರು. ಆಕೆಯ ಫೋಟೋ ಇದೆಯಾ ಅಂತ ಕೇಳಿದರು. ಆಮೇಲೆ ರಾಗಿ ಚೀಸ್‌ಕೇಕ್ ಬಂತು. ರಾಜ್ಯದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಆ ಅಂಕಿಯನ್ನು ಮೆನು ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದರು. ಮುದ್ರಣ ಚೆನ್ನಾಗಿತ್ತು.

ಮಧ್ಯಾಹ್ನ ತಂತ್ರಜ್ಞಾನದ ಸರದಿ. ಬೆಂಗಳೂರಲ್ಲಿ ಕೂತು ಆಪ್ ಬಗ್ಗೆ ಮಾತಾಡದೆ ಎದ್ದು ಹೋದರೆ ದೋಷ. ಈಗಾಗಲೇ ಲಸಿಕೆ ದಾಖಲೆಗೆ ಯು–ವಿನ್, ಲಸಿಕೆ ದಾಸ್ತಾನಿಗೆ ಇ–ವಿನ್, ಅಂಗನವಾಡಿಗೆ ಪೋಷಣ್ ಟ್ರ್ಯಾಕರ್ ಇವೆ. 2025ರ ಜುಲೈ 1ರಿಂದ ಅಂಗನವಾಡಿಯಿಂದ ಮನೆಗೆ ಕೊಡುವ ರೇಷನ್ ಪೊಟ್ಟಣ ಸಿಗಬೇಕಾದರೆ ತಾಯಿಯ ಮುಖ ಆಪ್‌ನಲ್ಲಿರುವ ಫೋಟೋಗೆ ಹೊಂದಿಕೆಯಾಗಬೇಕು. ಅದಕ್ಕೂ ಮೊದಲು ಇ–ಕೆವೈಸಿ ಆಗಬೇಕು, ಅದರ ಓಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುತ್ತದೆ. ಮನೆಗಿರುವುದು ಒಂದೇ ಮೊಬೈಲು, ಅದು ಗಂಡನ ಜೇಬಲ್ಲಿ. ಗಂಡ ಬೆಂಗಳೂರಲ್ಲಿ ಹದಿನೈದನೇ ಮಹಡಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದಾನೆ. ಮಗು ದೇವದುರ್ಗದಲ್ಲಿ, ಓಟಿಪಿ ಮಾರತಹಳ್ಳಿಯಲ್ಲಿ. ಅವನು ಕೆಳಗಿಳಿದು ನೋಡುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಇದಕ್ಕೆ ಪರಿಹಾರವಾಗಿ ಒಬ್ಬ ಯುವಕ ಇನ್ನೊಂದು ಆಪ್ ಸೂಚಿಸಿದ. ಲಾಗಿನ್ ಆಗಲು ಓಟಿಪಿ ಬೇಕು.

ಆಶಾ ಕಾರ್ಯಕರ್ತೆಯರ ಮಾತು ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಉಚಿತ. ಒಂದು ಮಗುವಿಗೆ ಮೊದಲ ವರ್ಷದ ಎಲ್ಲ ಲಸಿಕೆ ಹಾಕಿಸಿದರೆ ಆಶಾಗೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ. ಎರಡನೇ ವರ್ಷದ್ದೂ ಆದರೆ ಇನ್ನೊಂದು 75. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 42 ದಿನದಲ್ಲಿ ಆರು ಸಲ ಹೋಗಿ ತೂಕ, ಜ್ವರ, ಹೊಕ್ಕುಳು ನೋಡಿ ಬಂದರೆ 250. ಆ ಹೋಟೆಲಿನ ಲಾಬಿಯಲ್ಲಿ ಒಂದು ಕಾಫಿ ಕುಡಿದರೆ ಒಂದು ಮಗುವಿನ ಮೊದಲ ವರ್ಷ ಮುಗಿಯಿತು ಅಂತ ಲೆಕ್ಕ. 2025ರ ಜನವರಿಯ ಚಳಿಯಲ್ಲಿ ಇದೇ ಆಶಾಗಳು ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತಿದ್ದರು. ತಿಂಗಳಿಗೆ 15,000 ರೂಪಾಯಿ ಕೇಳಿದರು, 10,000ದ ಭರವಸೆ ಹಿಡಿದು ಬಸ್ಸು ಹತ್ತಿದರು. ಗ್ರಾಮೀಣ ಆರೋಗ್ಯದ ತಜ್ಞರೆಲ್ಲ ಅಷ್ಟೊಂದು ಸಂಖ್ಯೆಯಲ್ಲಿ ತಾವಾಗೇ ಮೆಜೆಸ್ಟಿಕ್ ಪಕ್ಕ ಬಂದು ಕೂತಿದ್ದಾಗ ಯಾವ ಸಂಘಟಕರಿಗೂ ಅಲ್ಲಿ ಒಂದು ಗೋಷ್ಠಿ ಇಡಬೇಕು ಅನ್ನಿಸಲಿಲ್ಲ. ಅಲ್ಲಿ ಎಸಿ ಇರಲಿಲ್ಲ ಅನ್ನುವುದೂ ನಿಜ.

ಸಮಾರೋಪದಲ್ಲಿ ಅಭಿಪ್ರಾಯ ಪತ್ರ ತುಂಬಲು ಕ್ಯೂಆರ್ ಕೋಡ್ ತೋರಿಸಿದರು. ಸ್ಕ್ಯಾನ್ ಮಾಡಿದರೆ ಮೊಬೈಲ್ ನಂಬರ್ ಕೇಳಿತು, ಆಮೇಲೆ ಓಟಿಪಿ. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ತಜ್ಞರು ಫೋನ್ ಎತ್ತಿ ಹಿಡಿದರು. ಕುರ್ಚಿಯ ಮೇಲೆ ಹತ್ತಿದರು. ಇಬ್ಬರು ಮೆಟ್ಟಿಲ ಹತ್ತಿರ ಓಡಿದರು. ಓಟಿಪಿ ಬರಲಿಲ್ಲ. ಅಭಿಪ್ರಾಯ ಪತ್ರ ತುಂಬದೆ ಪ್ರಮಾಣಪತ್ರ ಕೊಡುವ ಹಾಗಿಲ್ಲ ಅಂತ ಕೌಂಟರಿನ ಹುಡುಗಿ ನಯವಾಗಿ ಹೇಳಿದಳು, ಸಿಸ್ಟಂ ಒಪ್ಪಲ್ಲ ಸರ್. ಆಗ ಡಿಜಿಟಲ್ ಗೋಷ್ಠಿಯ ಅಧ್ಯಕ್ಷರೇ ಕೆಂಡವಾದರು. ಸಿಗ್ನಲ್ ಇಲ್ಲದ ಜಾಗದಲ್ಲಿ ಓಟಿಪಿ ಕೇಳುವುದು ಅಂದರೆ ಏನರ್ಥ, ಮನುಷ್ಯರಿಗೆ ಮರ್ಯಾದೆ ಬೇಡವಾ ಅಂತ ಕೂಗಿದರು. ಇಡೀ ಸಭೆ ಹೌದು ಹೌದು ಅಂದಿತು. ದಿನವಿಡೀ ಒಮ್ಮತ ಮೂಡಿದ್ದು ಅದೊಂದರಲ್ಲೇ. ಹೋಟೆಲಿನವರು ಓಡಿ ಹೋಗಿ ಕಾಗದದ ಫಾರಂ, ಪೆನ್ನು ತಂದುಕೊಟ್ಟರು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು.